ಶುಶ್ರೂಷೆಯಲ್ಲಿ ಶ್ವಾನ: ಕಾರುಣ್ಯವೊ, ಸಾಹಚರ್ಯವೊ?

ಕನ್ನಡದ ನುಡಿಗಟ್ಟುಗಳಲ್ಲಿ ನಾಯಿಗೆ ದೊರೆತಿರುವ ಸ್ಥಾನವು ಬಹು ಗೌರವದ್ದೇನೂ ಅಲ್ಲ. ನಾಯಿಪಾಡು, ನಾಯಿಬಾಳು ಎಂಬ ಮಾತುಗಳು ಹೀನಸ್ಥಿತಿಯನ್ನು ಸೂಚಿಸಲೆಂದೇ ಹುಟ್ಟಿದುವು. ಬಾಲದ ಡೊಂಕನ್ನು ಕುರಿತ ಗಾದೆಯಂತೂ ತಿದ್ದಲಾಗದ ಸ್ವಭಾವಕ್ಕೆ ಶಾಶ್ವತವಾದ ಉಪಮಾನವಾಗಿ ನಿಂತಿದೆ. ನಿಷ್ಠೆಯ ಪ್ರಸಂಗ ಬಂದಾಗ ಮಾತ್ರ ಜನರು ಅದೇ ಪ್ರಾಣಿಯನ್ನು ಕೃತಜ್ಞತೆಯಿಂದ ನೆನೆಯುವರು. ಇಂತಹ ಪ್ರಾಣಿಯು ಕಳೆದ ಆರೇಳು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳನ್ನೂ ವೃದ್ಧಾಶ್ರಮಗಳನ್ನೂ ಮಕ್ಕಳ ಶಾಲೆಗಳನ್ನೂ ಮುಂಬಾಗಿಲಿನಿಂದಲೇ ಪ್ರವೇಶಿಸಿ, ವೈದ್ಯನ ಸಹಾಯಕನೆಂಬ ಮನ್ನಣೆಯನ್ನು ಪಡೆದಿದೆ. ಭಾರತದ ಕೆಲವು ನಗರಗಳಲ್ಲಿಯೂ ಈ ಪದ್ಧತಿ ಮೆಲ್ಲನೆ ಕಾಲೂರುತ್ತಿದೆ. ಇದು ಅನುಕೂಲಸ್ಥ ಸಮಾಜದ ಒಂದು ಷೋಕಿಯೆ, ಅಥವಾ ಇದರಿಂದ ರೋಗಿಗೆ ನಿಜವಾಗಿಯೂ ಹಿತವೇನಾದರೂ ಉಂಟೆ? ಉಂಟೆಂದಾದರೆ ಆ ಹಿತವು ನಾಯಿಯ ಕರುಣೆಯಿಂದ ಬಂದುದೆ, ರೋಗಿಯ ಭಾವನೆಯಿಂದ ಬಂದುದೆ? ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಹಾಸಿಗೆ ಹಿಡಿದವರ ಬಳಿ ಯಾರನ್ನು ಕೂರಿಸಬೇಕೆಂಬುದು ಪ್ರತಿಯೊಂದು ಮನೆಯೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆ.

ಮೊದಲು ಪದಾರ್ಥವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಕುರುಡರಿಗೆ ದಾರಿ ತೋರಿಸುವ ನಾಯಿಯೂ ಇಲ್ಲಿ ಪ್ರಸ್ತುತವಾದ ನಾಯಿಯೂ ಒಂದೇ ಅಲ್ಲ. ಮಾರ್ಗದರ್ಶಿ ನಾಯಿಯು ಒಬ್ಬನ ಸ್ವತ್ತು. ದೀರ್ಘಕಾಲದ ತರಬೇತಿಯನ್ನು ಹೊಂದಿ, ಆ ಒಬ್ಬನ ಕಣ್ಣಾಗಿ ಹಗಲಿರುಳು ಅವನೊಡನೆ ಇರತಕ್ಕದ್ದು. ಕೆಲಸದಲ್ಲಿರುವಾಗ ಇತರರು ಅದನ್ನು ಮುಟ್ಟಿ ಮುದ್ದಿಸುವುದು ಸಹ ನಿಷಿದ್ಧ. ಆಸ್ಪತ್ರೆಗೆ ಹೋಗುವ ನಾಯಿಯ ರೀತಿ ಇದಕ್ಕೆ ವಿರುದ್ಧವಾದುದು. ಅದು ಸಾಮಾನ್ಯವಾಗಿ ಯಾರದೋ ಮನೆಯ ಸಾಕುನಾಯಿ. ವಾರಕ್ಕೊಮ್ಮೆಯೋ ಎರಡು ಸಲವೋ ಯಜಮಾನನೊಡನೆ ಬಂದು, ಅಪರಿಚಿತರ ಮಗ್ಗುಲಲ್ಲಿ ಕುಳಿತು, ಅವರ ಕೈಯಿಂದ ಮೈದಡವಿಸಿಕೊಂಡು ಹೋಗುವುದೇ ಅದರ ಕಾರ್ಯ. ಮುಟ್ಟಿಸಿಕೊಳ್ಳುವುದೇ ಅದರ ವೃತ್ತಿ ಎಂದರೂ ಸಲ್ಲುವುದು.

ಇಂತಹ ನಾಯಿಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? 'ಚಿಕಿತ್ಸಾಶ್ವಾನ' ಎಂಬುದು ಶಬ್ದಶಃ ಸರಿಯಾದರೂ ಅರ್ಥದಲ್ಲಿ ಅತಿಯಾಯಿತು. ನಾಯಿ ಯಾವ ಚಿಕಿತ್ಸೆಯನ್ನೂ ಮಾಡುವುದಿಲ್ಲ. 'ಶುಶ್ರೂಷೆ' ಎಂಬ ಶಬ್ದವೇ ಇಲ್ಲಿ ಹೆಚ್ಚು ಒಪ್ಪುವುದು. ರೋಗಿಯ ಸೇವೆ ಎಂಬ ಅರ್ಥದಲ್ಲಿ ನಾವು ದಿನಬಳಕೆಯಲ್ಲಿ ಉಪಯೋಗಿಸುವ ಈ ಶಬ್ದದ ಮೂಲದಲ್ಲಿರುವುದು 'ಶ್ರು' ಧಾತು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆಯ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಸೇವೆಯನ್ನೂ ಮಾಡುವನಾದುದರಿಂದ ಶಬ್ದದ ಅರ್ಥವು ಕೇಳ್ಮೆಯಿಂದ ಸೇವೆಗೆ ಹರಿಯಿತು. ಆಸ್ಪತ್ರೆಯ ನಾಯಿಯ ಚರಿತ್ರೆಯನ್ನು ನೋಡಿದರೆ ಈ ಹಳೆಯ ಅರ್ಥವು ಮತ್ತೆ ಮತ್ತೆ ತಲೆಯೆತ್ತುವುದನ್ನು ವಾಚಕರು ಗಮನಿಸಬಹುದು.

ರೋಗಿಗಳ ಬಳಿ ಪ್ರಾಣಿಗಳನ್ನು ಬಿಡುವ ವಿಚಾರಕ್ಕೆ ಇಂಗ್ಲೆಂಡಿನ ಯಾರ್ಕ್ ನಗರವನ್ನು ಮೊದಲ ನೆಲೆಯೆಂದು ಹೇಳುವುದು ರೂಢಿ. ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ ೧೭೯೦ರಲ್ಲಿ ಕ್ವೇಕರ್ ಪಂಥದ ಹ್ಯಾನಾ ಮಿಲ್ಸ್ ಎಂಬ ಹೆಂಗಸು ತೀರಿಕೊಂಡಳು. ಆಕೆಯನ್ನು ನೋಡಲು ಬಂದ ಸ್ವಪಂಥೀಯರಿಗೆ ಒಳಗೆ ಪ್ರವೇಶವೇ ದೊರೆತಿರಲಿಲ್ಲ. ಇದರಿಂದ ನೊಂದ ವಿಲಿಯಂ ಟ್ಯೂಕ್ ಎಂಬ ವರ್ತಕನು ಹಣ ಕೂಡಿಸಿ ೧೭೯೬ರಲ್ಲಿ 'ರಿಟ್ರೀಟ್' ಎಂಬ ಆಶ್ರಮವನ್ನು ತೆರೆದನು. ಬೇಡಿ ಸಂಕೋಲೆಗಳ ಸ್ಥಾನದಲ್ಲಿ ದಯೆ, ಕೆಲಸ, ಶುಚಿಯಾದ ಗಾಳಿ—ಇವುಗಳನ್ನು ನಂಬಿದ ಸಂಸ್ಥೆಯದು. ಟ್ಯೂಕನ ಮೊಮ್ಮಗ ಸಾಮ್ಯುಯಲ್ ೧೮೧೩ರಲ್ಲಿ ಬರೆದ ವರ್ಣನೆಯಲ್ಲಿ ಅಲ್ಲಿಯ ಅಂಗಳಗಳಲ್ಲಿ ಮೊಲ, ಕಡಲಹಕ್ಕಿ, ಗಿಡುಗ, ಕೋಳಿ ಮೊದಲಾದವುಗಳನ್ನು ಬಿಟ್ಟಿದ್ದ ಸಂಗತಿ ಬರುತ್ತದೆ. ರೋಗಿಗಳಲ್ಲಿ ಪರೋಪಕಾರ ಬುದ್ಧಿಯನ್ನು ಎಬ್ಬಿಸಲು ಇವು ನೆರವಾಗುವುವೆಂದು ಅವನ ಅಭಿಪ್ರಾಯ. ಆ ಪಟ್ಟಿಯಲ್ಲಿ ನಾಯಿ ಇಲ್ಲ. ಆದರೂ ಅಲ್ಲಿ ಅಡಗಿದ್ದ ವಿಚಾರ ಮುಖ್ಯವಾದುದು: ರೋಗಿಯು ಕರುಣೆಯನ್ನು ಪಡೆಯುವವನು ಮಾತ್ರವಲ್ಲ, ಕರುಣೆಯನ್ನು ತೋರಿಸಲು ಅವನಿಗೂ ಒಂದು ಜೀವ ಬೇಕು.

ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರಲ್ಲಿ ಪ್ರಕಟಿಸಿದ ದಾದಿಯರ ಕೈಪಿಡಿಯಲ್ಲಿ ಬಹುಕಾಲ ಮಲಗಿರುವ ರೋಗಿಗಳಿಗೆ ಚಿಕ್ಕ ಸಾಕುಪ್ರಾಣಿಯೊಂದು ಒಳ್ಳೆಯ ಸಂಗಾತಿಯೆಂದು ಹೇಳಿರುವಳು. ಅದೇ ಪುಸ್ತಕದಲ್ಲಿ ಒಬ್ಬ ರೋಗಿಯ ಮಾತನ್ನೂ ಆಕೆ ಉಲ್ಲೇಖಿಸಿದ್ದಾಳೆ. ದಾದಿಯೊಬ್ಬಳೂ ನಾಯಿಯೊಂದೂ ತನ್ನನ್ನು ನೋಡಿಕೊಂಡ ಬಗೆಯನ್ನು ಹೋಲಿಸಿದ ಅವನು ನಾಯಿಯ ಶುಶ್ರೂಷೆಯೇ ಎಷ್ಟೋ ಮೇಲೆಂದನಂತೆ. ಅವನಿಗೆ ಕಂಡ ದೊಡ್ಡ ಗುಣವೆಂದರೆ ನಾಯಿ ಮಾತನಾಡುತ್ತಿರಲಿಲ್ಲ! ರೋಗಿಯನ್ನು ನೋಡಲೆಂದು ಬಂದು, ತಮ್ಮ ನೆಂಟರಿಗೆ ಬಂದಿದ್ದ ಅದೇ ರೋಗದ ಕಥೆಯನ್ನು ವಿಸ್ತಾರವಾಗಿ ಹೇಳಿ, ಅವರು ತೀರಿಕೊಂಡ ದಿನದ ವರ್ಣನೆಯೊಡನೆ ಮುಗಿಸುವ ಸಂದರ್ಶಕರನ್ನು ಕಂಡವರೆಲ್ಲರಿಗೂ ಈ ಮಾತಿನ ಸ್ವಾರಸ್ಯ ಗೊತ್ತಾಗುವುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಯಿಯು ಆಸ್ಪತ್ರೆಯ ವಾರ್ಡನ್ನು ಪ್ರವೇಶಿಸಿದ್ದು ಯಾವ ಸಿದ್ಧಾಂತದ ಬಲದಿಂದಲೂ ಅಲ್ಲ. ೧೯೪೪ರಲ್ಲಿ ನ್ಯೂಗಿನಿಯ ಕಾಡಿನ ಒಂದು ಗುಂಡಿಯಲ್ಲಿ ಅಮೆರಿಕದ ಸಿಪಾಯಿಯೊಬ್ಬನಿಗೆ ಒಂದು ಪುಟ್ಟ ಹೆಣ್ಣುನಾಯಿ ಸಿಕ್ಕಿತು. ಯಾರ್ಕ್‌ಷೈರ್ ಟೆರಿಯರ್ ಜಾತಿಯದು. ತೂಕ ಎರಡು ಕಿಲೋಗ್ರಾಮಿಗೂ ಕಡಮೆ. ವಿಲಿಯಂ ವಿನ್ ಎಂಬ ಯೋಧನು ಅದನ್ನು ಎರಡು ಆಸ್ಟ್ರೇಲಿಯನ್ ಪೌಂಡುಗಳಿಗೆ ಕೊಂಡು 'ಸ್ಮೋಕಿ' ಎಂದು ಕರೆದನು. ಕೆಲವು ತಿಂಗಳಲ್ಲಿ ವಿನ್‌ನಿಗೆ ಡೆಂಗಿ ಜ್ವರ ಬಂದು ಸೈನಿಕ ಆಸ್ಪತ್ರೆಗೆ ಸೇರಿದಾಗ ಗೆಳೆಯರು ನಾಯಿಯನ್ನು ಅಲ್ಲಿಗೆ ತಂದರು. ದಾದಿಯರು ಅದನ್ನು ಎತ್ತಿಕೊಂಡು, ಬಿಯಾಕ್ ದ್ವೀಪದ ಕಾಳಗದಲ್ಲಿ ಗಾಯಗೊಂಡು ಬಂದಿದ್ದವರ ಹಾಸಿಗೆಯಿಂದ ಹಾಸಿಗೆಗೆ ಒಯ್ದು ತೋರಿಸತೊಡಗಿದರು. ಇದಕ್ಕೆ ಅಪ್ಪಣೆಯಿತ್ತ ಅಧಿಕಾರಿಯು ಪ್ರಸಿದ್ಧ ಮೇಯೋ ವೈದ್ಯಮನೆತನದ ಚಾರ್ಲ್ಸ್ ಮೇಯೋ. ರಾತ್ರಿ ನಾಯಿಯು ವಿನ್‌ನ ಹಾಸಿಗೆಯ ಮೇಲೆಯೇ ಮಲಗುತ್ತಿತ್ತು. ಇದೇ ಸ್ಮೋಕಿಯು ಮುಂದೆ ಲೂಜಾನ್ ದ್ವೀಪದಲ್ಲಿ, ವಿಮಾನದ ಓಡುದಾರಿಯ ಕೆಳಗೆ ಹುದುಗಿದ್ದ ಸುಮಾರು ೭೦ ಅಡಿ ಉದ್ದದ ಕೊಳವೆಯೊಳಗೆ ತಂತಿಯನ್ನು ಎಳೆದುಕೊಂಡು ಹೋಗಿ, ಬಹುಜನರ ಅಪಾಯಕರ ದುಡಿಮೆಯನ್ನು ಉಳಿಸಿತು. ಪತ್ರಿಕೆಗಳು ಕೊಂಡಾಡಿದ್ದು ಈ ಸಾಹಸವನ್ನೇ. ೧೯೫೭ರಲ್ಲಿ ಸತ್ತ ಆ ನಾಯಿಯನ್ನು ಇಂದು ಚರಿತ್ರಕಾರರು ನೆನೆಯುವುದಾದರೋ ವಾರ್ಡಿನಲ್ಲಿ ಸುಮ್ಮನೆ ಕುಳಿತುಕೊಂಡ ದಿನಗಳಿಗಾಗಿ. ದಾಖಲೆಯುಳ್ಳ ಶುಶ್ರೂಷಾಶ್ವಾನಗಳಲ್ಲಿ ಅದನ್ನೇ ಮೊದಲನೆಯದೆಂದು ಅನೇಕರು ಗಣಿಸುವರು.

ಶಾಸ್ತ್ರೀಯ ವಿಚಾರಕ್ಕೆ ತಳಹದಿ ಹಾಕಿದವನು ಬೋರಿಸ್ ಲೆವಿನ್ಸನ್. ಲಿಥುವೇನಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಈತನು ನ್ಯೂಯಾರ್ಕಿನ ಯೆಷೀವ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಮಕ್ಕಳ ಮಾನಸಿಕ ಚಿಕಿತ್ಸೆಯೂ ಅವನ ಕಸುಬು. ೧೯೫೩ರ ಒಂದು ದಿನ ಅವನು ಬರವಣಿಗೆಯಲ್ಲಿ ಮಗ್ನನಾಗಿದ್ದಾಗ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಗೊತ್ತಾದ ವೇಳೆಗೆ ಮುಂಚೆಯೇ ಬಂದುಬಿಟ್ಟಳು. ಹುಡುಗನು ಯಾರೊಡನೆಯೂ ಬೆರೆಯದೆ ತನ್ನೊಳಗೆ ಮುದುಡಿಕೊಂಡವನು. ಮೊದಲು ಮಾಡಿದ ಚಿಕಿತ್ಸೆಗಳು ವಿಫಲವಾಗಿ, ಆಸ್ಪತ್ರೆಗೆ ಸೇರಿಸಬೇಕೆಂಬ ಮಾತು ನಡೆದಿತ್ತು. ರೋಗಿಗಳು ಬರುವ ಹೊತ್ತಿನಲ್ಲಿ ಲೆವಿನ್ಸನ್ ತನ್ನ ನಾಯಿ 'ಜಿಂಗಲ್ಸ್'ನ್ನು ಕೋಣೆಯಲ್ಲಿ ಇರಗೊಡುತ್ತಿರಲಿಲ್ಲ. ಅಂದು ಅದು ಅವನ ಕಾಲ ಬಳಿಯೇ ಮಲಗಿತ್ತು. ಎದ್ದು ಓಡಿಹೋಗಿ ಹುಡುಗನ ಮುಖವನ್ನು ನೆಕ್ಕಿತು. ಹುಡುಗನು ಹೆದರಲಿಲ್ಲ, ನಾಯಿಯನ್ನು ತಬ್ಬಿಕೊಂಡು ಮೈದಡವಲಾರಂಭಿಸಿದನು. ಗಾಬರಿಯಿಂದ ಬಿಡಿಸಲು ಹೋದ ತಾಯಿಯನ್ನು ಲೆವಿನ್ಸನ್ ಕಣ್ಸನ್ನೆಯಿಂದ ತಡೆದನು.

ಈ ಕಣ್ಸನ್ನೆಯಲ್ಲಿಯೇ ಅವನ ಪ್ರತಿಭೆ ಇತ್ತೆನ್ನಬೇಕು. ನಾಯಿ ಮಗುವನ್ನು ನೆಕ್ಕುವುದೇನೂ ಲೋಕದಲ್ಲಿ ಅಪರೂಪದ ಘಟನೆಯಲ್ಲ. ಅದರಲ್ಲಿ ಬಾಗಿಲೊಂದು ತೆರೆಯುತ್ತಿರುವುದನ್ನು ಕಾಣುವ ಕಣ್ಣು ಅಪರೂಪದ್ದು. ಸ್ವಲ್ಪ ಹೊತ್ತಿನ ಮೇಲೆ ಹುಡುಗನು, ಇಲ್ಲಿಗೆ ಬರುವ ಮಕ್ಕಳೆಲ್ಲರೂ ಈ ನಾಯಿಯೊಡನೆ ಆಡುತ್ತಾರೆಯೆ ಎಂದು ವಿಚಾರಿಸಿದನು. ಹೌದೆಂಬ ಉತ್ತರ ಬರಲು, ತಾನೂ ಮತ್ತೆ ಬರಬೇಕೆಂದನು. ಮುಂದಿನ ಹಲವು ಭೇಟಿಗಳಲ್ಲಿ ಅವನು ಆಡಿದ್ದು ನಾಯಿಯೊಡನೆ ಮಾತ್ರ. ವೈದ್ಯನು ಆ ಕೋಣೆಯಲ್ಲಿ ಇದ್ದುದನ್ನು ಸಹ ಅವನು ಲೆಕ್ಕಿಸಲಿಲ್ಲ. ಕ್ರಮೇಣ ನಾಯಿಯ ಮೇಲಣ ಅಕ್ಕರೆಯು ಸ್ವಲ್ಪ ಸ್ವಲ್ಪವಾಗಿ ಅದರ ಯಜಮಾನನ ಮೇಲೆಯೂ ಹರಿಯಿತು, ಮೂವರ ಆಟವಾಯಿತು, ಆಮೇಲೆ ಮಾತು ಬಂದಿತು. ಹುಡುಗನು ಚೇತರಿಸಿಕೊಂಡುದರಲ್ಲಿ ಬಹುಭಾಗದ ಕೀರ್ತಿಯನ್ನು ಲೆವಿನ್ಸನ್ ನಾಯಿಗೆ ಬಿಟ್ಟುಕೊಟ್ಟಿರುವನು.

೧೯೬೧ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನದಲ್ಲಿ ಅವನು ಈ ಅನುಭವವನ್ನು ಮಂಡಿಸಿದಾಗ ಸಭೆಯಲ್ಲಿ ಕೆಲವರು ನಕ್ಕರು. ಫೀಜಿನಲ್ಲಿ ನಾಯಿಗೆ ಎಷ್ಟು ಪಾಲು ಕೊಡುತ್ತೀರಿ ಎಂದು ಯಾರೋ ಕೇಳಿದರೆಂದು ಪ್ರತೀತಿ. ಮರುವರ್ಷ ಅವನ ಲೇಖನವು 'ಮೆಂಟಲ್ ಹೈಜೀನ್' ಪತ್ರಿಕೆಯಲ್ಲಿ ಅಚ್ಚಾಯಿತು. ನಾಯಿಯನ್ನು ಅದರಲ್ಲಿ 'ಸಹಚಿಕಿತ್ಸಕ'ನೆಂದೇ ಕರೆದಿದ್ದನು. ೧೯೬೯ರಲ್ಲಿ ಗ್ರಂಥವೂ ಹೊರಬಂದಿತು. ೧೯೭೨ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಹೋದ್ಯೋಗಿಗಳನ್ನು ಅವನು ವಿಚಾರಿಸಿ ನೋಡಿದಾಗ ಉತ್ತರ ಕೊಟ್ಟವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರು ತಾವೂ ಸಾಕುಪ್ರಾಣಿಗಳನ್ನು ಚಿಕಿತ್ಸೆಯಲ್ಲಿ ಬಳಸಿರುವುದಾಗಿ ಒಪ್ಪಿಕೊಂಡರು. ನಕ್ಕವರ ನಡುವೆ ಬಾಯಿಬಿಡದೆ ಕುಳಿತಿದ್ದವರೂ ಕೆಲವರಿದ್ದಿರಬೇಕು.

ನಗುವವರಿಗೆ ಉತ್ತರವಾಗಿ ನಿಲ್ಲಬಲ್ಲ ದೊಡ್ಡ ಹೆಸರೊಂದಿತ್ತು. ಮನೋವಿಶ್ಲೇಷಣೆಯ ಪಿತಾಮಹನಾದ ಸಿಗ್ಮಂಡ್ ಫ್ರಾಯ್ಡ್ ತನ್ನ ಇಳಿವಯಸ್ಸಿನಲ್ಲಿ ಚೌ ಜಾತಿಯ 'ಜೋಫಿ' ಎಂಬ ಹೆಣ್ಣುನಾಯಿಯನ್ನು ಸಾಕಿದ್ದನು. ರೋಗಿಗಳು ಮಂಚದ ಮೇಲೆ ಮಲಗಿ ಮನಸ್ಸನ್ನು ತೋಡಿಕೊಳ್ಳುವಾಗ ಅದು ಕೋಣೆಯಲ್ಲಿಯೇ ಇರುತ್ತಿತ್ತು. ಗಂಟೆ ಮುಗಿಯುವ ಹೊತ್ತಿಗೆ ತಾನಾಗಿ ಎದ್ದು ಮೈಮುರಿಯುತ್ತಿತ್ತೆಂದೂ, ಫ್ರಾಯ್ಡನು ಗಡಿಯಾರ ನೋಡುವ ಅವಶ್ಯಕತೆಯೇ ಇರಲಿಲ್ಲವೆಂದೂ ಮನೆಯವರು ಹೇಳುತ್ತಿದ್ದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದರ ಉತ್ತರಭಾಗವನ್ನು ಬಿಟ್ಟುಬಿಡುವರು. ಜೋಫಿ ೧೯೩೭ರಲ್ಲಿ ಸತ್ತ ಮೇಲೆ 'ಲೂನ್' ಎಂಬ ಇನ್ನೊಂದು ಚೌ ಫ್ರಾಯ್ಡನ ಸಂಗಾತಿಯಾಯಿತು. ೧೯೩೮ರಲ್ಲಿ ನಾಜಿಗಳ ಕಾಟದಿಂದ ಅವನು ವಿಯೆನ್ನ ಬಿಟ್ಟು ಲಂಡನ್ನಿಗೆ ಹೋದಾಗ ನಾಯಿಯನ್ನು ಅಲ್ಲಿನ ಕಾಯಿದೆಯಂತೆ ಆರು ತಿಂಗಳು ಪ್ರತ್ಯೇಕವಾಗಿ ಇರಿಸಬೇಕಾಯಿತು. ದವಡೆಯ ಅರ್ಬುದರೋಗದಿಂದ ನವೆಯುತ್ತಿದ್ದ ಎಂಬತ್ತೆರಡರ ವೃದ್ಧನು ಅದನ್ನು ನೋಡಲು ತಾನೇ ಹೋಗಿ ಬಂದನು. ಆದರೆ ಮರುವರ್ಷ ರೋಗವು ಉಲ್ಬಣಿಸಿ ಹುಣ್ಣು ಕೊಳೆತು ನಾರಲಾರಂಭಿಸಿದಾಗ ಆ ನಾಯಿಯೇ ಅವನ ಬಳಿ ಬರಲೊಲ್ಲದೆ ಕೋಣೆಯ ಮೂಲೆಯಲ್ಲಿ ಮುದುಡಿಕೊಳ್ಳುತ್ತಿತ್ತು. ಫ್ರಾಯ್ಡನು ಅದರ ಅರ್ಥವನ್ನು ತಿಳಿದುಕೊಂಡು ದುಃಖದಿಂದ ನೋಡುತ್ತಿದ್ದನೆಂದು ಅವನ ವೈದ್ಯನು ಬರೆದಿರುವನು. ನಾಯಿಯ ಕರುಣೆಯನ್ನು ಕುರಿತು ಬರೆಯುವವರು ಈ ಸಂಗತಿಯನ್ನು ಮರೆಮಾಚಬಾರದು. ನಾಯಿಗೆ ಮೂಗೇ ಮುಖ್ಯೇಂದ್ರಿಯ. ಅದರ ಮಮತೆಗೂ ಅಲ್ಲಿ ಒಂದು ಎಲ್ಲೆಯುಂಟು.

ಇನ್ನು ಹಿತದ ಪ್ರಮಾಣವೆಷ್ಟೆಂಬ ವಿಚಾರ. ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ೧೯೮೦ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಅತ್ಯಂತ ಪ್ರಸಿದ್ಧವಾದುದು. ಹೃದಯರೋಗದಿಂದ ಆಸ್ಪತ್ರೆ ಸೇರಿ ಹೊರಬಂದ ೯೨ ಜನರನ್ನು ಅವರು ಒಂದು ವರ್ಷದವರೆಗೆ ಗಮನಿಸಿದರು. ಸಾಕುಪ್ರಾಣಿಯುಳ್ಳ ೫೩ ಜನರಲ್ಲಿ ೩ ಮಂದಿ ತೀರಿಕೊಂಡಿದ್ದರು. ಇಲ್ಲದ ೩೯ ಜನರಲ್ಲಿ ೧೧ ಮಂದಿ. ಅಂಕಿಗಳು ಬೆರಗುಗೊಳಿಸುವಂಥವು, ಆದುದರಿಂದಲೇ ಅವುಗಳನ್ನು ಎಚ್ಚರದಿಂದ ಓದಬೇಕು. ಪ್ರಾಣಿಯನ್ನು ಸಾಕುವ ಶಕ್ತಿ, ಸ್ಥಳ, ಮನಸ್ಸು ಇರುವವರು ಮೊದಲೇ ಸ್ವಲ್ಪ ಗಟ್ಟಿಗರಾಗಿರಬಹುದು. ೨೦೧೦ರಲ್ಲಿ ಆಸ್ಟ್ರೇಲಿಯದಿಂದ ಬಂದ ಇಂತಹುದೇ ಇನ್ನೊಂದು ಅಧ್ಯಯನದಲ್ಲಿ ಸಾಕುಪ್ರಾಣಿಯುಳ್ಳವರಿಗೆ ಇಂತಹ ಲಾಭವೇನೂ ಕಾಣಲಿಲ್ಲ.

ಇದಕ್ಕಿಂತ ಹೆಚ್ಚು ಬಿಗಿಯಾದ ಪರೀಕ್ಷೆ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ನಡೆಯಿತು. ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು. ಹೃದಯದ ಶಕ್ತಿ ಕುಂದಿದ ೭೬ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿನ ಬಳಿ ನಾಯಿಯೊಡನೆ ಸ್ವಯಂಸೇವಕನೂ, ಎರಡನೆಯದರ ಬಳಿ ಸ್ವಯಂಸೇವಕನೊಬ್ಬನೇ ಹೋದರು. ಮೂರನೆಯ ಗುಂಪಿನವರು ಸುಮ್ಮನೆ ವಿಶ್ರಮಿಸಿಕೊಂಡರು. ಭೇಟಿಯ ಅವಧಿ ೧೨ ನಿಮಿಷ ಮಾತ್ರ. ನಾಯಿ ಬಂದುಹೋದವರಲ್ಲಿ ಹೃದಯ ಮತ್ತು ಪುಪ್ಪುಸಗಳೊಳಗಣ ಒತ್ತಡವೂ, ಉದ್ವೇಗದಿಂದ ರಕ್ತದಲ್ಲಿ ಏರುವ ರಸಗಳ ಪ್ರಮಾಣವೂ, ಮನಸ್ಸಿನ ಕಳವಳವೂ ಇತರರಿಗಿಂತ ಇಳಿದಿದ್ದುವು. ಮನುಷ್ಯನ ಬರವೊಂದೇ ಇದಕ್ಕೆ ಕಾರಣವಲ್ಲವೆಂಬುದನ್ನು ಎರಡನೆಯ ಗುಂಪು ತೋರಿಸಿಕೊಟ್ಟಿತು. ಆದರೆ ಅರ್ಬುದರೋಗದಿಂದ ನರಳುವ ೧೦೬ ಮಕ್ಕಳನ್ನು ಅಮೆರಿಕದ ಐದು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ೨೦೧೮ರಲ್ಲಿ ಹೊರಬಂದ ವರದಿಯು ಉತ್ಸಾಹಿಗಳಿಗೆ ಸ್ವಲ್ಪ ನಿರಾಸೆಯನ್ನು ಉಂಟುಮಾಡಿತು. ನಾಯಿ ಬಂದ ಮಕ್ಕಳ ಕಳವಳವೂ ಇಳಿಯಿತು, ಬಾರದ ಮಕ್ಕಳದೂ ಇಳಿಯಿತು. ಸ್ಪಷ್ಟವಾದ ಭೇದ ಕಂಡುಬಂದುದು ತಂದೆತಾಯಿಗಳಲ್ಲಿ: ಮಗುವಿನ ಹಾಸಿಗೆಯ ಬದಿಯಲ್ಲಿ ಕುಳಿತು ಬೇಯುವವರ ಒತ್ತಡವು ನಾಯಿಯ ಬರವಿನಿಂದ ಒಂದಿಷ್ಟು ತಗ್ಗಿತು. ಯಾರನ್ನು ರೋಗಿಯೆಂದು ಎಣಿಸಿ ನಾಯಿಯನ್ನು ತಂದರೋ ಅವರಿಗಿಂತ, ಯಾರ ಕಡೆ ಯಾರೂ ನೋಡಿರಲಿಲ್ಲವೋ ಅವರಿಗೆ ಅದು ಒದಗಿತು.

ವೃದ್ಧರ ವಿಷಯದಲ್ಲಿ ಬ್ಯಾಂಕ್ಸ್ ದಂಪತಿಗಳ ಅಧ್ಯಯನಗಳು ಗಮನಾರ್ಹವಾದುವು. ನಾಯಿಯ ಭೇಟಿಯಿಂದ ಒಂಟಿತನ ಕಡಮೆಯಾಗುವುದೆಂದು ಅವರು ೨೦೦೨ರಲ್ಲಿ ತೋರಿಸಿದರು. ನಾಯಿಯ ನೆಪದಲ್ಲಿ ವೃದ್ಧರು ಪರಸ್ಪರ ಮಾತನಾಡುವುದರಿಂದ ಹಾಗಾಗಿರಬಹುದೆ ಎಂಬ ಸಂದೇಹ ಸಹಜ. ೨೦೦೫ರಲ್ಲಿ ಅದನ್ನೂ ಪರೀಕ್ಷಿಸಿದರು. ಗುಂಪಿನಲ್ಲಿ ಕುಳಿತು ನಾಯಿಯನ್ನು ಕಂಡವರಿಗಿಂತ ಒಬ್ಬಂಟಿಯಾಗಿ ಕಂಡವರಿಗೇ ಹೆಚ್ಚು ಹಿತವಾಗಿತ್ತು! ಮೂರು ವರ್ಷಗಳ ತರುವಾಯ ಬಂದ ಪ್ರಯೋಗವು ಇನ್ನೂ ವಿಚಿತ್ರ. ಕೆಲವರ ಬಳಿಗೆ ಜೀವಂತ ನಾಯಿಯನ್ನೂ, ಇನ್ನು ಕೆಲವರ ಬಳಿಗೆ ಜಪಾನಿನಲ್ಲಿ ತಯಾರಾದ 'ಐಬೋ' ಎಂಬ ಯಂತ್ರದ ನಾಯಿಯನ್ನೂ ಎಂಟು ವಾರ ಕಳುಹಿಸಿದರು. ಒಂಟಿತನವನ್ನು ನೀಗುವುದರಲ್ಲಿ ಎರಡೂ ಸಮಸಮವಾದುವು. ಹಾಗಾದರೆ ಕರುಣೆಯ ಮಾತೆಲ್ಲ ನಮ್ಮ ಕಲ್ಪನೆಯೇ? ಯಂತ್ರದಲ್ಲಿ ಕರುಣೆ ಇರುವುದು ಶಕ್ಯವಿಲ್ಲ. ಆದರೂ ವೃದ್ಧರು ಅದರ ಮೇಲೆ ಅಕ್ಕರೆ ಇಟ್ಟರು. ಯಾರ್ಕಿನ ಟ್ಯೂಕರು ಕಂಡಿದ್ದ ಸತ್ಯವೇ ಇಲ್ಲಿ ಇನ್ನೊಂದು ರೀತಿಯಿಂದ ಎದುರಾಗುವುದು. ಅಕ್ಕರೆಯನ್ನು ಪಡೆಯುವುದರಿಂದ ಮಾತ್ರವಲ್ಲ, ಅದನ್ನು ಇಡಲು ಒಂದು ಎಡೆ ದೊರೆಯುವುದರಿಂದಲೂ ಒಂಟಿತನ ಕರಗುವುದು. ಹಾಗೆಂದು ಎಂಟು ವಾರಗಳ ಫಲವನ್ನು ಎಂಟು ವರ್ಷಗಳಿಗೆ ಅನ್ವಯಿಸಿ, ಅಜ್ಜಅಜ್ಜಿಯರಿಗೆಲ್ಲ ಯಂತ್ರವೇ ಸಾಕೆಂದು ನಿರ್ಣಯಿಸುವುದು ಆತುರವಾದೀತು.

ನಾಯಿಯ ಮನಸ್ಸಿನೊಳಗೆ ಏನಿದೆಯೆಂಬುದನ್ನು ತಿಳಿಯಲು ಕೂಡ ಪ್ರಯತ್ನಗಳು ನಡೆದಿವೆ. ೨೦೧೨ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು ೧೮ ನಾಯಿಗಳ ಮುಂದೆ ಅಳುವ ನಟನೆ ಮಾಡಿದರು, ಗುನುಗಿಯೂ ನೋಡಿದರು. ೧೫ ನಾಯಿಗಳು ಅಳುವವರ ಬಳಿಗೆ ಬಂದುವು. ಗುನುಗಿದಾಗ ಬಂದುವು ೬ ಮಾತ್ರ. ಅಳುವವನು ಯಜಮಾನನಲ್ಲದೆ ಅಪರಿಚಿತನಾಗಿದ್ದಾಗಲೂ ಅವು ಯಜಮಾನನ ಬಳಿಗೆ ಓಡದೆ ಅಳುವವನ ಬಳಿಗೇ ಹೋದುದು ಗಮನಿಸತಕ್ಕ ಅಂಶ. ೨೦೧೫ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾನಿಲಯದವರು, ನಾಯಿಯೂ ಯಜಮಾನನೂ ಪರಸ್ಪರ ಕಣ್ಣಿಟ್ಟು ನೋಡುವುದರಿಂದ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುವುದೆಂದು ತೋರಿಸಿದರು. ತಾಯಿಗೂ ಹಸುಗೂಸಿಗೂ ನಡುವೆ ಮಮತೆಯನ್ನು ಬಲಿಸುವ ರಸವದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಈ ವ್ಯಾಪಾರ ಕಾಣಲಿಲ್ಲ.

ಎಲ್ಲಕ್ಕಿಂತ ವಿಚಾರಾರ್ಹವಾದುದು ಅಮೆರಿಕದಲ್ಲಿ ೨೦೧೮ರಲ್ಲಿ ಪ್ರಕಟವಾದ ೩೪ ನಾಯಿಗಳ ಪರೀಕ್ಷೆ. ಗಾಜಿನ ಬಾಗಿಲ ಹಿಂದೆ ಯಜಮಾನನು ಕುಳಿತು ಅಳುವನು ಅಥವಾ ಗುನುಗುವನು; ನಾಯಿ ಮೂಗಿನಿಂದ ನೂಕಿದರೆ ಬಾಗಿಲು ತೆರೆಯುವುದು. ಅಳುವಾಗ ತೆರೆದವುಗಳ ಸಂಖ್ಯೆಯೇನೂ ಹೆಚ್ಚಾಗಿರಲಿಲ್ಲ, ಆದರೆ ತೆರೆದ ನಾಯಿಗಳು ಬಹು ಬೇಗನೆ ತೆರೆದುವು. ತೆರೆಯದೆ ನಿಂತ ನಾಯಿಗಳು ಉದಾಸೀನದಿಂದ ನಿಂತಿದ್ದುವೆಂದು ತಿಳಿಯಬಾರದು. ಅವುಗಳಲ್ಲಿ ಕಳವಳದ ಚಿಹ್ನೆಗಳು ಹೆಚ್ಚಾಗಿದ್ದುವು. ಪರರ ನೋವು ತೀರ ಹತ್ತಿರ ತಾಗಿದವನಿಗೆ ಕೈಕಾಲು ಆಡುವುದಿಲ್ಲ. ನೋವು ತಾಗಿಯೂ ಸಮಚಿತ್ತದಿಂದ ಇರಬಲ್ಲವನೇ ಬಾಗಿಲು ತೆರೆಯಬಲ್ಲನು. ಆಸ್ಪತ್ರೆಗಳಿಗೆ ಹೋಗಿ ಅಭ್ಯಾಸವಿದ್ದ ನಾಯಿಗಳು ಈ ಪರೀಕ್ಷೆಯಲ್ಲಿ ಇತರ ನಾಯಿಗಳಿಗಿಂತ ಮೇಲೆನಿಸಲಿಲ್ಲವೆಂಬುದೂ ಸ್ಮರಣೀಯ. ಶುಶ್ರೂಷಾಶ್ವಾನವೆಂಬುದು ದಯಾಗುಣದಲ್ಲಿ ವಿಶಿಷ್ಟವಾದ ಬೇರೊಂದು ಜಾತಿಯೇನೂ ಅಲ್ಲ. ಗದ್ದಲಕ್ಕೆ ಬೆದರದ, ಹೊಸಬರನ್ನು ಕಂಡು ಮುದುಡದ ಸಾಧಾರಣ ನಾಯಿ.

ಮನುಷ್ಯನಿಂದ ನಾಯಿಗೆ ಹರಿಯುವ ಕರುಣೆಯಾದರೋ ಬಹು ಹಳೆಯದು. ಜರ್ಮನಿಯ ಬಾನ್ ನಗರದ ಬಳಿ ೧೯೧೪ರಲ್ಲಿ ಸಿಕ್ಕ, ಸುಮಾರು ೧೪,೦೦೦ ವರ್ಷಗಳ ಹಿಂದಿನ ಸಮಾಧಿಯಲ್ಲಿ ಗಂಡಸು ಹೆಂಗಸರೊಡನೆ ಒಂದು ಮರಿನಾಯಿಯ ಎಲುಬುಗಳೂ ಇದ್ದುವು. ಆ ಮರಿಯು ಏಳು ತಿಂಗಳಿನದೆಂದೂ, ಕಠಿನವಾದ ರೋಗ ತಗುಲಿಯೂ ಹಲವು ವಾರ ಬದುಕಿತ್ತೆಂದೂ, ಯಾರಾದರೂ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಉಳಿಯುತ್ತಿರಲಿಲ್ಲವೆಂದೂ ಹಲ್ಲುಗಳ ಪರೀಕ್ಷೆಯಿಂದ ಊಹಿಸಿದ್ದಾರೆ. ಮಹಾಪ್ರಸ್ಥಾನದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನೇರಲು ಒಪ್ಪದ ಪ್ರಸಂಗದಲ್ಲಿ ವ್ಯಾಸಭಾರತವು ಬಳಸುವ ಶಬ್ದ 'ಆನೃಶಂಸ್ಯ', ಎಂದರೆ ಕ್ರೂರನಾಗದಿರುವುದು. ಕನ್ನಡಿಗರಿಗೆ ಸಮೀಪದ ನಿದರ್ಶನವೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ. ಶ. ೯೪೯-೫೦ರ ಕಲ್ಲಿನಲ್ಲಿ ಮಣಲೇರನ 'ಕಾಳಿ' ಎಂಬ ನಾಯಿ ಹಂದಿಯೊಡನೆ ಕಾದಿ ಸತ್ತ ಕಥೆಯಿದೆ. ಆ ಕಲ್ಲಿನ ಪೂಜೆಗಾಗಿ ಭೂಮಿಯನ್ನೂ ಬಿಡಲಾಗಿತ್ತು. ಆದರೆ ಕಾಳಿಗೆ ಸಂದ ಗೌರವ ವೀರಕ್ಕೆ ಸಂದದ್ದು. ಕಾದದೆ, ಬೇಟೆಯಾಡದೆ, ಸುಮ್ಮನೆ ಹತ್ತಿರ ಕುಳಿತಿದ್ದುದಕ್ಕಾಗಿ ನಾಯಿಗೆ ಮನ್ನಣೆ ಸಲ್ಲುವುದು ಹೊಸ ಕಾಲದ ವಿಶೇಷ.

ಈ ಸುಮ್ಮನೆ ಕುಳಿತಿರುವುದರ ಉಪಯೋಗವನ್ನು ಅಮೆರಿಕದ ಸಾಲ್ಟ್ ಲೇಕ್ ನಗರದವರು ೧೯೯೯ರಲ್ಲಿ ಇನ್ನೊಂದು ಕಡೆಗೆ ತಿರುಗಿಸಿದರು. ತಡವರಿಸುತ್ತ ಓದುವ ಮಕ್ಕಳನ್ನು ಗ್ರಂಥಾಲಯದಲ್ಲಿ ನಾಯಿಯ ಪಕ್ಕದಲ್ಲಿ ಕೂರಿಸಿ, ಅದಕ್ಕೆ ಕಥೆ ಓದಿ ಹೇಳಿಸುವ ಏರ್ಪಾಡು ಅದು. ನಾಯಿ ನಗುವುದಿಲ್ಲ, ತಪ್ಪು ತಿದ್ದುವುದಿಲ್ಲ, ಪಕ್ಕದ ಮನೆಯ ಹುಡುಗ ಎಷ್ಟು ಚೆನ್ನಾಗಿ ಓದುವನೆಂದು ಹೇಳುವುದೂ ಇಲ್ಲ.

ಭಾರತದಲ್ಲಿ ಈ ಪದ್ಧತಿಯು ಇನ್ನೂ ಎಳೆಯದು. ಹಾಂಗ್‌ಕಾಂಗಿನಲ್ಲಿ ೧೯೯೧ರಲ್ಲಿ ಪ್ರಾರಂಭವಾದ 'ಡಾಕ್ಟರ್ ಡಾಗ್' ಕಾರ್ಯಕ್ರಮವನ್ನು ಚೆನ್ನೈಯ ಬ್ಲೂ ಕ್ರಾಸ್ ಸಂಸ್ಥೆಯು ಇಲ್ಲಿಗೆ ತಂದಿತು. ಮುಂಬಯಿ ಪುಣೆಗಳಲ್ಲಿಯೂ ತರಬೇತಿ ಹೊಂದಿದ ನಾಯಿಗಳು ವಿಶೇಷ ಮಕ್ಕಳ ಶಾಲೆಗಳಿಗೆ ಹೋಗತೊಡಗಿವೆ. ಇಲ್ಲಿನ ಅಡಚಣೆಗಳು ಪಾಶ್ಚಾತ್ಯರವಲ್ಲ. ಬೀದಿನಾಯಿಯ ಕಡಿತವೂ ಹುಚ್ಚುನಾಯಿ ರೋಗವೂ ನಮ್ಮ ಜನರಿಗೆ ಪುಸ್ತಕದ ಮಾತಲ್ಲ. ಬಾಲ್ಯದಲ್ಲಿ ಕಡಿಸಿಕೊಂಡು ಹೊಕ್ಕುಳ ಸುತ್ತ ಚುಚ್ಚುಮದ್ದು ತೆಗೆದುಕೊಂಡ ವೃದ್ಧರು ನಾಯಿಯನ್ನು ಕಂಡೊಡನೆ ಹಿಂದೆ ಸರಿದರೆ ಅದು ಮೌಢ್ಯವಲ್ಲ. ಮಡಿಯ ಕಾರಣದಿಂದ ಒಲ್ಲೆನ್ನುವವರೂ ಇರುವರು. ಅಂಥವರ ಹಾಸಿಗೆಯ ಬಳಿ ನಾಯಿಯನ್ನು ಒಯ್ಯುವುದು ಶುಶ್ರೂಷೆಯಾಗದು, ಹಿಂಸೆಯಾದೀತು. ಆದುದರಿಂದ ರೋಗಿಯ ಒಪ್ಪಿಗೆ, ನಾಯಿಗೆ ಕ್ರಮವಾದ ಚುಚ್ಚುಮದ್ದು, ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಕೈ ತೊಳೆಯುವುದು, ತೆರೆದ ಗಾಯವುಳ್ಳವರನ್ನೂ ಸೋಂಕನ್ನು ತಡೆಯುವ ಶಕ್ತಿ ಕುಂದಿದವರನ್ನೂ ದೂರವಿಡುವುದು ಇವು ಎಲ್ಲ ಕಡೆಯೂ ಮೊದಲ ನಿಯಮಗಳು.

ಪರಭಾಷೆಯ ನಗರಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ಸಂಬಂಧವನ್ನು ಕಾಣಬಹುದು. ಮಗನ ಸಂಸಾರದೊಡನೆ ಇರಲೆಂದು ಧಾರವಾಡದಿಂದಲೋ ಉಡುಪಿಯಿಂದಲೋ ಬಂದ ತಾಯಿಯು ಮುಂಬಯಿಯ ಆಸ್ಪತ್ರೆಯಲ್ಲಿ ಮಲಗಿದರೆ ದಾದಿಯ ಮರಾಠಿಯಾಗಲಿ ವೈದ್ಯನ ಹಿಂದಿಯಾಗಲಿ ಆಕೆಗೆ ಅರ್ಧಂಬರ್ಧವೇ ತಿಳಿಯುವುದು. ತನ್ನ ಮಾತನ್ನು ಕೇಳುವವರಿಗಾಗಿ ಆಕೆ ಸಂಜೆ ಐದು ಗಂಟೆಯ ಸಂದರ್ಶನದ ವೇಳೆಯನ್ನೇ ಕಾಯಬೇಕು. ನಾಯಿಯೊಡನೆ ಆಕೆ ಕನ್ನಡದಲ್ಲಿಯೇ ಮಾತನಾಡಬಹುದು. ಇದರಿಂದ ಮಗನ ಬರವಿನ ಅವಶ್ಯಕತೆ ಕಡಮೆಯಾಗುವುದೆಂದು ಯಾರೂ ವಾದಿಸಲಾರರು.

ಕೊನೆಯದಾಗಿ ನಾಯಿಯ ಪಕ್ಷವನ್ನೂ ನೋಡಬೇಕು. ಅದು ವೇತನವಿಲ್ಲದೆ ದುಡಿಯುವ ಜೀವ. ಬೇಡವೆನ್ನಲು ಅದಕ್ಕೆ ಬಾಯಿಲ್ಲ. ಹಾಗೆಂದು ಅದು ಹೇಳದೆಯೂ ಇರುವುದಿಲ್ಲ. ಅಕಾರಣವಾಗಿ ಆಕಳಿಸುವುದು, ಮೂತಿಯನ್ನು ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಬಾಲವನ್ನು ಒಳಸೇರಿಸುವುದು ಇವೆಲ್ಲವೂ ಸಾಕೆಂಬುದಕ್ಕೆ ಅದರ ಭಾಷೆ. ಅಮೆರಿಕದ 'ಪೆಟ್ ಪಾರ್ಟ್ನರ್ಸ್' ಸಂಸ್ಥೆಯು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ಯಾವ ಪ್ರಾಣಿಯಿಂದಲೂ ಈ ಸೇವೆಯನ್ನು ತೆಗೆದುಕೊಳ್ಳಗೊಡುವುದಿಲ್ಲ. ಒಂದು ವರ್ಷ ತುಂಬದ ನಾಯಿಯನ್ನು ಸೇರಿಸಿಕೊಳ್ಳುವುದೂ ಇಲ್ಲ. ಪರೀಕ್ಷೆಯಲ್ಲಿ ನಾಯಿಯ ಗುಣವನ್ನು ನೋಡುವಷ್ಟೇ ಎಚ್ಚರದಿಂದ ಅದರ ಯಜಮಾನನನ್ನೂ ನೋಡುವರು: ನಾಯಿ ಆಕಳಿಸಿದುದನ್ನು ಅವನು ಗಮನಿಸಿದನೆ? ಗಮನಿಸಿ, ರೋಗಿಯು ಇನ್ನೂ ಬೇಕೆನ್ನುತ್ತಿರುವಾಗಲೂ, ವಿನಯದಿಂದ ಬೀಳ್ಕೊಂಡನೆ? ನಿನ್ನೆಯವರೆಗೆ ಸಂತೋಷದಿಂದ ಬರುತ್ತಿದ್ದ ನಾಯಿಯು ಒಂದು ದಿನ ವಾರ್ಡಿನ ಹೊಸ್ತಿಲಲ್ಲಿ ಕಾಲೂರಿ ನಿಂತುಬಿಟ್ಟರೆ, ಒಳಗೆ ಎಷ್ಟೇ ಜನ ಕಾದಿದ್ದರೂ ಅದನ್ನು ಹಗ್ಗ ಹಿಡಿದು ಎಳೆಯದೆ, ಅಂದು ಮನೆಗೆ ಕರೆದುಕೊಂಡು ಹೋಗುವುದು ಯಜಮಾನನ ಕರ್ತವ್ಯ.